ಆಳುವವನು ಮತ್ತು ಆಳು: ಮಹಾಯುದ್ಧದ ಇಂಗ್ಲಿಷ್ ಕಾದಂಬರಿಗಳಲ್ಲಿ ಮನನೊಂದ ಸೇನಾಧಿಕಾರಿಯೂ ಅವನ ಮನೆಯ ಸೇವಕರೂ

೧

ಕನ್ನಡದಲ್ಲಿ ‘ಆಳು’ ಎಂಬ ಶಬ್ದವು ಕ್ರಿಯಾಪದವಾದಾಗ ಒಡೆತನವನ್ನೂ ನಾಮಪದವಾದಾಗ ಸೇವೆಯನ್ನೂ ಹೇಳುತ್ತದೆ. ಅರಸನು ನಾಡನ್ನು ಆಳುವನು. ಆಳು ಮನೆಯಲ್ಲಿ ದುಡಿಯುವನು. ಯುದ್ಧಭೂಮಿಯಲ್ಲಿ ಕಾದುವ ಪದಾತಿಗೂ ಕಾಲಾಳೆಂಬ ಹೆಸರು ಸಂದಿದೆ. ಅಪ್ಪಣೆ ಕೊಡುವುದು, ಅಪ್ಪಣೆಯನ್ನು ನಡಸುವುದು, ಅಪ್ಪಣೆಯಂತೆ ಪ್ರಾಣವನ್ನೊಪ್ಪಿಸುವುದು ಎಂಬ ಮೂರು ಭಾವಗಳೂ ಹೀಗೆ ಒಂದೇ ಶಬ್ದರೂಪದ ಸುತ್ತ ನೆರೆದಿರುವುದು ಅಭ್ಯಾಸಬಲದಿಂದ ನಮಗೆ ವಿಶೇಷವಾಗಿ ತೋರುವುದಿಲ್ಲ. ಆದರೆ ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದ ನೆರಳಿನಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ಕೆಲವು ಕಾದಂಬರಿಗಳನ್ನು ಓದುವಾಗ ಈ ಶಬ್ದವು ಕನ್ನಡಿಗನಿಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಈ ಕಾದಂಬರಿಗಳಲ್ಲಿ ಬರುವ ಪುರುಷನು ಸೇನಾಧಿಕಾರಿ. ಅವನ ಮೈಯಲ್ಲಿ ಗಾಯವಿಲ್ಲ, ಮನಸ್ಸು ಒಡೆದಿದೆ. ಅವನು ರಣರಂಗದಿಂದ ತನ್ನ ದೊಡ್ಡ ಮನೆಗೆ ಮರಳುತ್ತಾನೆ. ಅಲ್ಲಿ ಅವನಿಗಾಗಿ ಹೆಂಡತಿಯೋ ತಾಯಿಯೋ ಕಾದಿರುತ್ತಾರೆ, ವೈದ್ಯರು ಬರುತ್ತಾರೆ. ಇವರೆಲ್ಲರನ್ನು ಕುರಿತು ವಿಮರ್ಶಕರು ಬಹಳವಾಗಿ ಬರೆದಿರುವರು. ಆದರೆ ಆ ಮನೆಯ ಬಾಗಿಲನ್ನು ತೆರೆದವರು ಯಾರು, ಹಾಸಿಗೆಯನ್ನು ಹಾಸಿದವರು ಯಾರು, ಇರುಳಿನಲ್ಲಿ ಅವನು ಬೆಚ್ಚಿ ಎದ್ದಾಗ ಮೊದಲು ಓಡಿಬಂದವರು ಯಾರು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಯನ್ನೇ ಹಿಡಿದು ಮುಖ್ಯವಾಗಿ ಇಬ್ಬರು ಲೇಖಕಿಯರ ಕೃತಿಗಳನ್ನು ಪರಿಶೀಲಿಸುವೆವು. ರೆಬೆಕ್ಕ ವೆಸ್ಟ್ ಅವರು ೧೯೧೮ರಲ್ಲಿ ಪ್ರಕಟಿಸಿದ ‘ದಿ ರಿಟರ್ನ್ ಆಫ್ ದಿ ಸೋಲ್ಜರ್’, ಎಂದರೆ ‘ಯೋಧನ ಪುನರಾಗಮನ’, ಮೊದಲನೆಯದು. ಡರೊತಿ ಸೇಯರ್ಸ್ ಅವರು ೧೯೨೩ರಲ್ಲಿಯೂ ೧೯೩೭ರಲ್ಲಿಯೂ ಪ್ರಕಟಿಸಿದ ಎರಡು ಪತ್ತೇದಾರಿ ಕಾದಂಬರಿಗಳು ಆ ಬಳಿಕ ಬರುವುವು.

ನಮ್ಮ ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಅಧಿಕಾರಿಗಳಿಗೆ ತಗುಲಿದ ವ್ಯಾಧಿಯು ಬರಿಯ ಭಯದ ವ್ಯಾಧಿಯಲ್ಲ. ಬಹುಮಟ್ಟಿಗೆ ಅದು ಆಜ್ಞೆಯ ವ್ಯಾಧಿ. ಇತರರನ್ನು ಸಾವಿನ ಬಾಯಿಗೆ ಕಳುಹಿಸುವ ಅಪ್ಪಣೆಗಳನ್ನು ವರ್ಷಗಟ್ಟಲೆ ಕೊಟ್ಟವನು ಮನೆಗೆ ಬಂದಾಗ ಅಲ್ಲಿಯೂ ಅವನ ಅಪ್ಪಣೆಗಾಗಿ ಕಾದು ನಿಂತ ಜನವೇ ಎದುರಾಗುವರು. ಆದುದರಿಂದ ಅವನ ಚಿಕಿತ್ಸೆಯ ಕಥೆಯು ಸೇವಕರ ಕಥೆಯೂ ಆಗಲೇಬೇಕು. ಇದನ್ನು ಈ ಲೇಖಕಿಯರು ಎಷ್ಟು ಮಟ್ಟಿಗೆ ಕಂಡರು, ಎಲ್ಲಿ ಕಾಣದೆ ಹೋದರು ಎಂಬುದೇ ನಮ್ಮ ವಿಚಾರ.

೨

ಕೃತಿಗಳನ್ನು ಪ್ರವೇಶಿಸುವ ಮೊದಲು ವ್ಯಾಧಿಯ ಹೆಸರನ್ನು ಕುರಿತು ಎರಡು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ‘ಷೆಲ್‌ಷಾಕ್’ ಎಂದು ಹೆಸರು. ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ೧೯೧೫ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಈ ಹೆಸರನ್ನು ಬಳಸಿ ಬರೆದರು. ಫಿರಂಗಿಯ ಗುಂಡು ಸಮೀಪದಲ್ಲಿ ಸಿಡಿದುದರಿಂದ ಶರೀರಕ್ಕೆ ಒಳಗಾಯವಾಗಿ ಈ ವಿಕಾರಗಳು ತೋರುವುವೆಂಬ ಊಹೆಯು ಆ ಹೆಸರಿನೊಳಗೇ ಇದೆ. ಕಾಲಕ್ರಮದಲ್ಲಿ, ಸಿಡಿತದ ಸಮೀಪಕ್ಕೆ ಹೋಗದವರಲ್ಲಿಯೂ ಅವೇ ಲಕ್ಷಣಗಳು ಕಂಡುಬಂದುದರಿಂದ ಗಾಯವು ಮನಸ್ಸಿನದೆಂಬುದು ಸ್ಪಷ್ಟವಾಯಿತು. ೧೯೧೭ರಲ್ಲಿ ಸೈನ್ಯದ ಅಧಿಕಾರಿಗಳು ಆ ಹೆಸರನ್ನು ಬಳಸದಂತೆ ನಿರ್ಬಂಧಿಸಿದರೂ ಜನರ ಬಾಯಲ್ಲಿ ಅದು ಉಳಿದೇ ಉಳಿಯಿತು.

ಈ ವ್ಯಾಧಿಯನ್ನು ಆಳವಾಗಿ ಶೋಧಿಸಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರು ಮುಖ್ಯರು. ದಕ್ಷಿಣದೇಶದವರಾದ ನಮಗೆ ಇವರು ಕೇವಲ ಪರಕೀಯರಲ್ಲ. ೧೯೦೧-೦೨ರಲ್ಲಿ ನೀಲಗಿರಿಗೆ ಬಂದು ಅಲ್ಲಿನ ತೋಡರ ಆಚಾರವ್ಯವಹಾರಗಳನ್ನು ಅಭ್ಯಾಸಮಾಡಿ ೧೯೦೬ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದವರು ಇವರೇ. ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವ ಬಡಗರು ತೋಡರ ನೆರೆಯವರಾದುದರಿಂದ ಆ ಗ್ರಂಥವು ನಮ್ಮವರಿಗೂ ಉಪಯುಕ್ತವಾಗಿದೆ. ಯುದ್ಧಕಾಲದಲ್ಲಿ ಇವರು ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಎಂಬ ಆಸ್ಪತ್ರೆಯಲ್ಲಿ ಕೆಲಸಮಾಡಿದರು. ಅದು ಸೇನಾಧಿಕಾರಿಗಳಿಗೇ ಮೀಸಲಾದ ಆಸ್ಪತ್ರೆ. ಕವಿ ಸೀಗ್‌ಫ್ರೀಡ್ ಸಸೂನ್ ಅವರು ೧೯೧೭ರಲ್ಲಿ ಅಲ್ಲಿ ಇವರ ಆರೈಕೆಯಲ್ಲಿದ್ದರು.

ರಿವರ್ಸ್ ಅವರು ೧೯೧೮ರಲ್ಲಿ ಮಂಡಿಸಿದ ವಿಚಾರವೊಂದು ನಮ್ಮ ವಿಷಯಕ್ಕೆ ತುಂಬ ಹತ್ತಿರದ್ದು. ಸಾಮಾನ್ಯ ಸಿಪಾಯಿಯಲ್ಲಿ ಮನಸ್ಸಿನ ಗಾಯವು ಮಾತು ನಿಲ್ಲುವುದು, ಕೈಕಾಲು ಸ್ವಾಧೀನ ತಪ್ಪುವುದು ಮೊದಲಾದ ಶರೀರವಿಕಾರಗಳಾಗಿ ತೋರುವುದು ಹೆಚ್ಚು; ಅಧಿಕಾರಿಯಲ್ಲಾದರೋ ಅದು ಆತಂಕವಾಗಿ, ದುಃಸ್ವಪ್ನವಾಗಿ ತೋರುವುದು ಹೆಚ್ಚು. ಇದಕ್ಕೆ ಅವರು ಹೇಳಿದ ಕಾರಣಗಳಲ್ಲಿ ಸೈನ್ಯಶಿಕ್ಷಣವೂ ಒಂದು. ಸಿಪಾಯಿಗೆ ವಿಚಾರಿಸದೆ ವಿಧೇಯನಾಗುವುದನ್ನು ಕಲಿಸಿದ್ದಾರೆ. ಅಧಿಕಾರಿಗೆ ತನ್ನ ಅಂಜಿಕೆಯನ್ನು ಅದುಮಿ ಇತರರ ಹೊಣೆಯನ್ನು ಹೊರುವುದನ್ನು ಕಲಿಸಿದ್ದಾರೆ. ಎಂದಮೇಲೆ ಅಪ್ಪಣೆ ಕೊಡುವವನ ರೋಗ ಬೇರೆ, ಅಪ್ಪಣೆ ಪಡೆಯುವವನ ರೋಗ ಬೇರೆ ಎಂದಾಯಿತು. ವೈದ್ಯಶಾಸ್ತ್ರದಲ್ಲಿ ಈ ವಿಭಾಗವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಾದಾಸ್ಪದ. ಆದರೆ ಅದರ ಲೌಕಿಕ ಪರಿಣಾಮವು ವಾದಾಸ್ಪದವಲ್ಲ. ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ತಮ್ಮವರ ಗುಂಡಿಗೇ ಬಲಿಯಾದ ೩೦೬ ಮಂದಿಗೆ ಬ್ರಿಟಿಷ್ ಸರ್ಕಾರವು ೨೦೦೬ರಲ್ಲಿ ಮರಣೋತ್ತರ ಕ್ಷಮೆಯನ್ನು ನೀಡಿತು. ಅವರಲ್ಲಿ ಅಧಿಕಾರಿಗಳನ್ನು ಬೆರಳಲ್ಲಿ ಎಣಿಸಬಹುದು, ಉಳಿದವರೆಲ್ಲ ಕಾಲಾಳುಗಳು. ಒಬ್ಬನ ನಡುಕಕ್ಕೆ ರೋಗವೆಂದೂ ಇನ್ನೊಬ್ಬನ ನಡುಕಕ್ಕೆ ಅಪರಾಧವೆಂದೂ ಹೆಸರಿಡುವ ಅಧಿಕಾರವು ಯಾರಲ್ಲಿತ್ತೆಂಬುದನ್ನು ಮುಂದಿನ ಚರ್ಚೆಯಲ್ಲಿ ಮರೆಯಲಾಗದು.

೩

‘ಯೋಧನ ಪುನರಾಗಮನ’ವು ಪ್ರಕಟವಾದಾಗ ಗ್ರಂಥಕರ್ತ್ರಿಗೆ ಇಪ್ಪತ್ತೈದು ವರ್ಷ, ಯುದ್ಧವಿನ್ನೂ ಮುಗಿದಿರಲಿಲ್ಲ. ಕಥೆಯು ೧೯೧೬ರ ವಸಂತದಲ್ಲಿ ಲಂಡನ್ನಿನ ಹೊರವಲಯದ ಹ್ಯಾರೋ ವೀಲ್ಡ್ ಎಂಬಲ್ಲಿಯ ‘ಬಾಲ್ಡ್ರಿ ಕೋರ್ಟ್’ ಎಂಬ ಸಿರಿವಂತರ ಮನೆಯಲ್ಲಿ ನಡೆಯುತ್ತದೆ. ಮನೆಯೊಡೆಯ ಕ್ಯಾಪ್ಟನ್ ಕ್ರಿಸ್ ಬಾಲ್ಡ್ರಿ ಫ್ರಾನ್ಸಿನ ರಣರಂಗದಲ್ಲಿದ್ದಾನೆ. ಮನೆಯಲ್ಲಿ ಅವನ ರೂಪವತಿಯಾದ ಹೆಂಡತಿ ಕಿಟ್ಟಿಯೂ, ಕಥೆಯನ್ನು ಹೇಳುವ ಸೋದರಸಂಬಂಧಿ ಜೆನ್ನಿಯೂ ಇರುವರು. ಒಂದು ದಿನ ಸಮೀಪದ ವೀಲ್ಡ್‌ಸ್ಟೋನಿನಿಂದ ಮಾರ್ಗರೆಟ್ ಗ್ರೇ ಎಂಬ ಬಡ ಗೃಹಿಣಿಯೊಬ್ಬಳು ಬಂದು, ಕ್ರಿಸ್ ಅಸ್ವಸ್ಥನಾಗಿರುವನೆಂಬ ವಾರ್ತೆಯನ್ನು ತಿಳಿಸುತ್ತಾಳೆ. ಹೆಂಡತಿಗೆ ಬಾರದ ಸುದ್ದಿಯು ಇವಳಿಗೆ ಬಂದುದು ಹೇಗೆ? ಕ್ರಿಸ್ ಕಳೆದ ಹದಿನೈದು ವರ್ಷಗಳನ್ನು ಪೂರ್ತಿಯಾಗಿ ಮರೆತಿದ್ದಾನೆ. ಅವನ ಮನಸ್ಸಿನಲ್ಲಿ ತಾನಿನ್ನೂ ಇಪ್ಪತ್ತೊಂದರ ತರುಣ. ಥೇಮ್ಸ್ ನದಿಯ ನಡುಗಡ್ಡೆಯೊಂದರಲ್ಲಿ ವಸತಿಗೃಹವನ್ನು ನಡಸುತ್ತಿದ್ದವನ ಮಗಳಾದ ಮಾರ್ಗರೆಟ್ ಅವನ ಪ್ರಿಯೆ. ಮದುವೆ, ಹೆಂಡತಿ, ಎಳೆಯದರಲ್ಲಿಯೇ ತೀರಿಕೊಂಡ ಮಗು, ಯುದ್ಧ ಒಂದೂ ಅವನಿಗೆ ನೆನಪಿಲ್ಲ.

ಈ ಕಥಾವಸ್ತುವನ್ನು ಕೇಳಿದೊಡನೆಯೇ ನಮಗೆ ನೆನಪಾಗುವುದು ಶಾಕುಂತಲ. ಬಸವಪ್ಪಶಾಸ್ತ್ರಿಗಳ ಕನ್ನಡದ ಮೂಲಕ ಆ ನಾಟಕವನ್ನರಿತ ವಾಚಕರು ಎರಡಕ್ಕೂ ಇರುವ ಹೋಲಿಕೆಯನ್ನು ಬೇಗನೆ ಗುರುತಿಸುವರು. ಅಲ್ಲಿ ಶಾಪದಿಂದ ಮರವೆ, ಇಲ್ಲಿ ಸಿಡಿಗುಂಡಿನಿಂದ ಮರವೆ. ಅಲ್ಲಿ ಉಂಗುರವು ಅಭಿಜ್ಞಾನ, ಇಲ್ಲಿ ಸತ್ತ ಮಗುವಿನ ಚೆಂಡು ಮತ್ತು ಅಂಗಿ. ಆದರೆ ಫಲವು ತದ್ವಿರುದ್ಧ. ಉಂಗುರವು ದುಷ್ಯಂತನನ್ನು ವಿರಹದ ಮೂಲಕ ಮಿಲನಕ್ಕೆ ಒಯ್ಯುತ್ತದೆ. ಚೆಂಡು ಕ್ರಿಸ್ಸನನ್ನು ಪ್ರಿಯೆಯಿಂದ ಅಗಲಿಸಿ ಮತ್ತೆ ರಣರಂಗಕ್ಕೆ ನೂಕುತ್ತದೆ. ಇನ್ನೊಂದು ಹೋಲಿಕೆಯು ನಮ್ಮ ವಿಷಯಕ್ಕೆ ಹೆಚ್ಚು ಪ್ರಕೃತವಾದುದು. ಎರಡು ಕಡೆಯಲ್ಲಿಯೂ ಮುಖ್ಯವಾದುದನ್ನು ತರುವವರು ಕೀಳೆಂದು ಎಣಿಸಲ್ಪಟ್ಟವರು. ಉಂಗುರವನ್ನು ಪಡೆದ ಬೆಸ್ತನು ಕಾವಲುಗಾರರಿಂದ ಕಳ್ಳನೆಂದು ಪೆಟ್ಟು ತಿನ್ನುವನು. ಕ್ರಿಸ್ಸನ ಸುದ್ದಿ ತಂದ ಮಾರ್ಗರೆಟ್ ಹಣ ಕೀಳಲು ಬಂದ ವಂಚಕಿಯೆಂದು ಕಿಟ್ಟಿಯಿಂದ ನಿಂದೆಗೆ ಗುರಿಯಾಗುವಳು. ಅವಳ ಅಗ್ಗದ ಮಳೆಯಂಗಿಯನ್ನೂ, ಕೆಲಸದಿಂದ ಒರಟಾದ ಕೈಗಳನ್ನೂ ಜೆನ್ನಿಯು ಅಸಹ್ಯದಿಂದ ವರ್ಣಿಸುವ ಭಾಗವನ್ನು ಓದುವುದು ಕಷ್ಟ. ಆ ವರ್ಣನೆಯಿಂದ ಓದುಗನು ಅಸಹ್ಯಪಡುವುದು ಮಾರ್ಗರೆಟ್ಟಳನ್ನು ಕುರಿತಲ್ಲ, ಜೆನ್ನಿಯನ್ನು ಕುರಿತು. ಇಲ್ಲಿ ಗ್ರಂಥಕರ್ತ್ರಿಯ ಕೈ ನುರಿತದ್ದೆಂಬುದರಲ್ಲಿ ಸಂದೇಹವಿಲ್ಲ.

ಈಗ ಸೇವಕರ ವಿಷಯ. ಬಾಲ್ಡ್ರಿ ಕೋರ್ಟಿನಂತಹ ಮನೆಯು ಸೇವಕರಿಲ್ಲದೆ ಒಂದು ದಿನವೂ ನಡೆಯದು. ಆ ಕಾಲದ ಬ್ರಿಟನ್ನಿನಲ್ಲಿ ಹೆಂಗಸರಿಗಿದ್ದ ಉದ್ಯೋಗಗಳಲ್ಲೆಲ್ಲ ಮನೆಗೆಲಸವೇ ದೊಡ್ಡದು. ಹತ್ತು ಲಕ್ಷಕ್ಕೂ ಮಿಕ್ಕು ಹೆಂಗಸರು ಅದರಲ್ಲಿದ್ದರು. ಆದರೆ ಈ ಕಾದಂಬರಿಯಲ್ಲಿ ಅವರ ಕೆಲಸವು ಕಾಣುವುದೇ ಹೊರತು ಅವರು ಕಾಣರು. ಬಂದವರ ಹೆಸರನ್ನು ಅರಿಕೆಮಾಡುವುದಕ್ಕೆ ಸೇವಕಿಯೊಬ್ಬಳು ಬರುವಳು, ಹೋಗುವಳು. ಹೂವುಗಳು ಅಣಿಯಾಗಿರುವುವು, ನೆಲವು ಹೊಳೆಯುತ್ತಿರುವುದು. ಹದಿನೈದು ವರ್ಷಗಳನ್ನು ಮರೆತ ಯಜಮಾನನಿಗೆ ಆ ಅವಧಿಯಲ್ಲಿ ಬಂದ ಆಳುಗಳೆಲ್ಲ ಅಪರಿಚಿತರೇ ಆಗಿರಬೇಕು. ತಮ್ಮ ಯಜಮಾನನು ತಮ್ಮ ಮುಖವನ್ನೇ ಗುರುತಿಸದಿದ್ದಾಗ ಅವರಿಗೆ ಏನೆನಿಸಿತು? ತಮ್ಮ ತಮ್ಮ ಅಣ್ಣತಮ್ಮಂದಿರೂ ಗಂಡಂದಿರೂ ಅದೇ ರಣರಂಗದಲ್ಲಿರುವಾಗ ಈ ಮನೆಯ ಮೌನವನ್ನು ಅವರು ಹೇಗೆ ತಾಳಿಕೊಂಡರು? ಕಥೆಯು ಅಡುಗೆಮನೆಯ ಬಾಗಿಲನ್ನು ದಾಟಿ ಆ ಮಾತನ್ನು ಕೇಳುವುದಿಲ್ಲ.

ಇದು ಅರಿಯದವರ ಕುರುಡಲ್ಲ. ೧೯೧೬ರಲ್ಲಿ, ಎಂದರೆ ಕಥೆಯು ನಡೆಯುವ ವರ್ಷದಲ್ಲಿಯೇ, ವೆಸ್ಟ್ ಅವರು ಕಾರ್ಡೈಟ್ ಎಂಬ ಸಿಡಿಮದ್ದನ್ನು ತಯಾರಿಸುತ್ತಿದ್ದ ಹೆಂಗಸರನ್ನು ಕುರಿತು ಪತ್ರಿಕೆಗೆ ಲೇಖನ ಬರೆದಿದ್ದರು. ದುಡಿಯುವ ಹೆಂಗಸಿನ ಯುದ್ಧವು ಎಂತಹುದೆಂಬುದನ್ನು ಅವರು ಬಲ್ಲರು. ಹೀಗಿರಲಾಗಿ ಈ ಮೌನಕ್ಕೆ ಕಾರಣವೇನು? ಕಥೆಯನ್ನು ಹೇಳುವವಳು ಜೆನ್ನಿ. ಜೆನ್ನಿಯ ಕಣ್ಣಿಗೆ ಕಾಣದುದು ಕಥೆಯಲ್ಲಿ ಕಾಣದು. ಕುರುಡು ಪಾತ್ರದ್ದು, ಲೇಖಕಿಯದಲ್ಲ ಎಂದು ಪಕ್ಷಪಾತಿಗಳು ಹೇಳಬಹುದು. ಈ ಸಮಾಧಾನವು ಅರ್ಧ ಸತ್ಯ. ಜೆನ್ನಿಯ ಕಣ್ಣು ಕ್ರಮೇಣ ತೆರೆಯುವುದೇ ಈ ಕಾದಂಬರಿಯ ಜೀವಾಳ. ಮಾರ್ಗರೆಟ್ಟಳನ್ನು ಹೀನವಾಗಿ ಕಂಡವಳು ಕೊನೆಗೆ ಅವಳನ್ನು ಪೂಜ್ಯಳೆಂದು ಕಾಣುವಳು. ಹಾಗೆ ತೆರೆದ ಕಣ್ಣು ತನ್ನ ಮನೆಯಲ್ಲಿಯೇ ಇರುವ ಒರಟು ಕೈಗಳ ಕಡೆಗೆ ಒಮ್ಮೆಯಾದರೂ ಹೊರಳಬಾರದಾಗಿತ್ತೆ?

ನಮಗೆ ತೋರುವಂತೆ ಇದಕ್ಕೆ ಬೇರೊಂದು ಕಾರಣವುಂಟು. ಸೇವೆಯ ಸತ್ತ್ವವನ್ನೆಲ್ಲ ಗ್ರಂಥಕರ್ತ್ರಿಯು ಮಾರ್ಗರೆಟ್ ಒಬ್ಬಳಲ್ಲಿಯೇ ತುಂಬಿರುವರು. ಮಾರ್ಗರೆಟ್ ಸೇವಕಿಯಲ್ಲ, ಆದರೆ ಹುಟ್ಟಿದಂದಿನಿಂದ ಅವಳ ಕೆಲಸ ಸೇವೆಯೇ. ತಂದೆಯ ವಸತಿಗೃಹಕ್ಕೆ ಬರುವವರನ್ನು ದೋಣಿಯಲ್ಲಿ ದಾಟಿಸಿದಳು. ಮದುವೆಯಾದಮೇಲೆ ನಿತ್ರಾಣನಾದ ಗಂಡನನ್ನು ಆಳಿನ ನೆರವಿಲ್ಲದೆ ತಾನೇ ನೋಡಿಕೊಂಡಳು. ಕಾದಂಬರಿಯ ಮಧ್ಯದಲ್ಲಿ ಒಂದು ಚಿತ್ರವಿದೆ. ಮನೆಯ ಬಳಿಯ ಕಾಡಿನಲ್ಲಿ ಕಂಬಳಿಯ ಮೇಲೆ ಕ್ರಿಸ್ ಮಗುವಿನಂತೆ ನಿದ್ರಿಸುತ್ತಾನೆ; ಮಾರ್ಗರೆಟ್ ಅಲುಗದೆ ಪಕ್ಕದಲ್ಲಿ ಕಾವಲು ಕುಳಿತಿದ್ದಾಳೆ. ಅವನಿಗೆ ಆಗಲೇ ಬೇಕಾದುದು ಆ ನಿದ್ರೆ. ಹೆಂಡತಿಯಾದ ಕಿಟ್ಟಿಯು ಮೊದಲ ರಾತ್ರಿ ಮದುವಣಗಿತ್ತಿಯಂತೆ ಬಿಳಿಯುಡುಪನ್ನೂ ಒಡವೆಗಳನ್ನೂ ತೊಟ್ಟು ಅವನೆದುರು ಬಂದಿದ್ದಳು. ಅವಳ ಅಲಂಕಾರವು ಅವನಿಂದ ಏನನ್ನೋ ಕೇಳುತ್ತದೆ; ಮಾರ್ಗರೆಟ್ಟಳ ಕಾವಲು ಏನನ್ನೂ ಕೇಳುವುದಿಲ್ಲ. ಕ್ರಿಸ್ ಬಹಳ ದಿನಗಳಿಂದ ಇತರರ ಸುಖವನ್ನು ಹೊತ್ತವನು. ತಂದೆಯ ವ್ಯಾಪಾರವನ್ನೂ, ಮನೆಯ ಹೆಂಗಸರನ್ನೂ, ಆಮೇಲೆ ಸೈನ್ಯದ ತುಕಡಿಯನ್ನೂ ಹೊತ್ತನು. ಅವನು ಮರೆತ ಹದಿನೈದು ವರ್ಷಗಳು ಅವನು ಒಡೆಯನಾಗಿದ್ದ ವರ್ಷಗಳೇ. ಅವನ ಮರವೆಯು ಒಡೆತನಕ್ಕೆ ಕೊಟ್ಟ ರಾಜೀನಾಮೆ. ಆದುದರಿಂದಲೇ ಅವನನ್ನು ‘ಒಡೆಯ’ನೆಂದು ಕಾಣದ ಒಬ್ಬಳ ಬಳಿ ಮಾತ್ರ ಅವನಿಗೆ ನೆಮ್ಮದಿ. ಇದು ಈ ಕಾದಂಬರಿಯ ಅತ್ಯಂತ ಆಳವಾದ ದರ್ಶನ.

ಕಥೆಯ ಅಂತ್ಯವು ಈ ದರ್ಶನವನ್ನು ಕಹಿಯಾಗಿಸುತ್ತದೆ. ಮನಶ್ಶಾಸ್ತ್ರಜ್ಞನಾದ ವೈದ್ಯನು ಬರುವನು. ಆದರೆ ಮಗುವಿನ ನೆನಪೇ ಮದ್ದೆಂಬುದನ್ನು ಸೂಚಿಸುವವಳು ಮಾರ್ಗರೆಟ್. ವಾಸಿಮಾಡಿದರೆ ಅವನು ಸುಖಿಯಾಗುವುದಿಲ್ಲ, ಮತ್ತೆ ಯುದ್ಧಕ್ಕೆ ಹೋಗುವನು ಎಂಬುದನ್ನರಿತು ಅವಳು ಒಮ್ಮೆ ಹಿಂಜರಿಯುವಳು. ಆದರೂ ಸತ್ಯವನ್ನು ಮುಚ್ಚಿಟ್ಟು ಅವನನ್ನು ಅರ್ಧ ಮನುಷ್ಯನನ್ನಾಗಿ ಉಳಿಸುವುದು ತಗದೆಂದು ಬಗೆದು ಚೆಂಡನ್ನೂ ಅಂಗಿಯನ್ನೂ ತೆಗೆದುಕೊಂಡು ತೋಟಕ್ಕೆ ಹೋಗುವಳು. ಕಿಟಕಿಯಿಂದ ನೋಡುವ ಜೆನ್ನಿಗೆ ಹುಲ್ಲುಹಾಸಿನ ಮೇಲೆ ನಡೆದುಬರುವ ಕ್ರಿಸ್ಸನ ನಡೆಯಲ್ಲಿಯೇ ಯೋಧನು ಕಾಣುವನು. ಕಿಟ್ಟಿಗೆ ಅದು ಸಂತೋಷ. ಸೇವೆಯು ವಾಸಿಮಾಡಿತು, ವಾಸಿಯಾದವನು ಮರಣದ ಅಪ್ಪಣೆಗೆ ಮತ್ತೆ ಯೋಗ್ಯನಾದನು. ಕ್ರೇಗ್‌ಲಾಕ್‌ಹಾರ್ಟಿನ ವೈದ್ಯರಿಗೂ ಇದ್ದ ಧರ್ಮಸಂಕಟವಿದೇ. ಸಸೂನ್ ಅವರೂ ಅಲ್ಲಿಂದ ಮತ್ತೆ ಸೈನ್ಯಕ್ಕೇ ಮರಳಿದರು. ಅದನ್ನು ಯುದ್ಧವು ನಡೆಯುತ್ತಿರುವಾಗಲೇ ಒಬ್ಬ ತರುಣ ಲೇಖಕಿಯು ಇಷ್ಟು ನಿರ್ಭಯವಾಗಿ ಹೇಳಿದುದು ಸಾಮಾನ್ಯವಲ್ಲ.

೪

ಸೇಯರ್ಸ್ ಅವರ ಕೃತಿಗಳು ಪತ್ತೇದಾರಿ ಕಾದಂಬರಿಗಳು. ಗಂಭೀರ ವಿಮರ್ಶೆಯಲ್ಲಿ ಅವುಗಳಿಗೆ ಸ್ಥಾನವುಂಟೆ ಎಂದು ಕೆಲವರು ಶಂಕಿಸಬಹುದು. ಆದರೆ ನಮ್ಮ ವಿಷಯದಲ್ಲಿ ಗಂಭೀರ ಕಾದಂಬರಿಯು ನೋಡದೆ ಬಿಟ್ಟುದನ್ನು ಈ ವಿನೋದಗ್ರಂಥಗಳು ನೋಡಿವೆ. ಅಷ್ಟರಿಂದಲೇ ಅವು ಪರಿಶೀಲನಾರ್ಹವಾಗಿವೆ.

ನಾಯಕನಾದ ಲಾರ್ಡ್ ಪೀಟರ್ ವಿಮ್ಸಿ ಡ್ಯೂಕ್ ಮನೆತನದ ಕಿರಿಯ ಮಗ. ಯುದ್ಧದಲ್ಲಿ ಮೇಜರ್ ಆಗಿದ್ದನು. ೧೯೧೮ರಲ್ಲಿ ಸಿಡಿಗುಂಡಿನ ಕುಳಿಯಲ್ಲಿ ಹೂತುಹೋಗಿ ಬದುಕಿ ಬಂದವನು. ಅವನ ಮನೆಯ ಸೇವಕ ಬಂಟರ್ ಎಂಬವನು ಯುದ್ಧದಲ್ಲಿ ಅವನ ಕೈಕೆಳಗೆ ಸಾರ್ಜೆಂಟಾಗಿದ್ದವನು. ಬಂಟರ್ ಎಂಬ ಹೆಸರು ಕನ್ನಡಿಗನ ಕಿವಿಗೆ ‘ಬಂಟ’ ಎಂದೇ ಕೇಳುವುದು ಕೇವಲ ಆಕಸ್ಮಿಕ. ಆದರೆ ನಮ್ಮ ‘ಬಂಟ’ ಶಬ್ದದಲ್ಲಿ ಸೇವಕ, ವೀರ ಎಂಬ ಎರಡರ್ಥಗಳೂ ಕೂಡಿರುವುದರಿಂದ ಆ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ನಾವೂ ಇಡಲಾರೆವು.

೧೯೨೩ರ ‘ಹೂಸ್ ಬಾಡಿ?’ ಎಂಬ ಮೊದಲ ಕಾದಂಬರಿಯಲ್ಲಿ ಪೀಟರನು ಕೊಲೆಗಾರನು ಯಾರೆಂಬುದನ್ನು ಕಂಡುಕೊಂಡ ರಾತ್ರಿಯೇ ಅವನ ಹಳೆಯ ವ್ಯಾಧಿ ಮರುಕಳಿಸುತ್ತದೆ. ತನ್ನ ಅಪ್ಪಣೆಯಿಂದಲ್ಲವಾದರೂ ತನ್ನ ಶೋಧದಿಂದ ಒಬ್ಬನು ನೇಣುಗಂಬಕ್ಕೆ ಹೋಗುವನೆಂಬ ಅರಿವೇ ಅದಕ್ಕೆ ನಿಮಿತ್ತವೆಂದು ಸಂದರ್ಭದಿಂದ ಊಹಿಸಬಹುದು. ನಡುರಾತ್ರಿಯಲ್ಲಿ ಅವನು ನಡುಗುತ್ತ ಬಂಟರನ ಕೋಣೆಗೆ ಬರುತ್ತಾನೆ. ಫಿರಂಗಿಯ ಸದ್ದು ಕೇಳುತ್ತಿದೆ, ಶತ್ರುಗಳು ನೆಲದಡಿಯಲ್ಲಿ ಸುರಂಗ ಕೊರೆಯುತ್ತಿದ್ದಾರೆ ಎಂದು ಅವನ ಭ್ರಮೆ. ಆಗ ಬಂಟರನು ಮಾಡುವುದನ್ನು ಗಮನಿಸಬೇಕು. ಇದು ಲಂಡನ್ನು, ಯುದ್ಧ ಮುಗಿದು ವರ್ಷಗಳಾದುವು ಎಂದು ಅವನು ವಾದಿಸುವುದಿಲ್ಲ. ತಾನೂ ಆ ಕಂದಕದೊಳಕ್ಕೆ ಇಳಿಯುತ್ತಾನೆ. ಕೊರೆಯುತ್ತಿರುವವರು ನಮ್ಮವರೇ ಎಂದು, ಸಾರ್ಜೆಂಟನು ಮೇಲಧಿಕಾರಿಗೆ ವರದಿಯೊಪ್ಪಿಸುವ ಕ್ರಮದಲ್ಲಿಯೇ ಹೇಳಿ, ಇನ್ನು ವಿಶ್ರಮಿಸಬಹುದೆಂದು ಸೂಚಿಸುತ್ತಾನೆ. ಮೇಜರನು ಆ ವರದಿಯನ್ನು ನಂಬಿ ಮಲಗುತ್ತಾನೆ. ಸೇವಕನು ಯಜಮಾನನಿಗೆ ಅಪ್ಪಣೆ ಕೊಟ್ಟನು; ಆದರೆ ವಿಧೇಯತೆಯ ಭಾಷೆಯಲ್ಲಿ ಕೊಟ್ಟನು. ಆಜ್ಞೆಯ ಭಾರದಿಂದ ಕುಸಿದವನ ಹೆಗಲಿಂದ ಆ ಭಾರವನ್ನು, ಅವನಿಗೆ ಅವಮಾನವಾಗದಂತೆ, ಒಂದಿರುಳಿನ ಮಟ್ಟಿಗೆ ಇಳಿಸಿದನು. ಯಜಮಾನನು ಮಲಗಿದಮೇಲೆ ಅವನನ್ನು ಕುರಿತು ಬಂಟರನು ಪ್ರೀತಿಯಿಂದ ಬೈದುಕೊಳ್ಳುವುದು ಈ ಸನ್ನಿವೇಶಕ್ಕೆ ಇನ್ನಷ್ಟು ಮಾನವೀಯತೆಯನ್ನು ಕೊಟ್ಟಿದೆ.

೧೯೩೭ರ ‘ಬಸ್‌ಮನ್ಸ್ ಹನಿಮೂನ್’ ಎಂಬ ಕಾದಂಬರಿಯಲ್ಲಿ ಈ ಕಥೆಯ ಪೂರ್ವಭಾಗವು ತಿಳಿಯಬರುತ್ತದೆ. ಪೀಟರನ ತಾಯಿಯು ಸೊಸೆಗೆ ಹೇಳುವಳು: ಯುದ್ಧದಿಂದ ಬಂದಮೇಲೆ ಮಗನಿಗೆ ಸೇವಕರಿಗೆ ಒಂದು ಸಣ್ಣ ಅಪ್ಪಣೆಯನ್ನು ಕೊಡುವುದೂ ಸಾಧ್ಯವಾಗುತ್ತಿರಲಿಲ್ಲ, ನಾಲ್ಕು ವರ್ಷಗಳ ಕಾಲ ಅಪ್ಪಣೆಗಳಿಂದ ಜನರನ್ನು ಸಾವಿಗೆ ಕಳುಹಿಸಿದವನಿಗೆ ಇನ್ನು ಯಾವ ಅಪ್ಪಣೆಯೂ ಬೇಡವಾಗಿತ್ತು. ೧೯೧೯ರ ಜನವರಿಯಲ್ಲಿ ಬಂಟರನು ಬಂದು ನಿಂತನು. ಯಜಮಾನನು ಹೇಳಲೆಂದು ಕಾಯದೆ, ಮನೆಯನ್ನು ಗೊತ್ತುಮಾಡುವುದರಿಂದ ಹಿಡಿದು ಎಲ್ಲವನ್ನೂ ತಾನೇ ನಡಸಿದನು. ಕಡೆಗೊಂದು ದಿನ ತನ್ನೆದುರಿಗಿಟ್ಟ ಆಹಾರವನ್ನು ಪೀಟರನು ಸಿಡುಕಿನಿಂದ ಬೇಡವೆಂದು ತಳ್ಳಿ, ತನಗೆ ಬೇಕಾದ ತಿಂಡಿಯನ್ನು ತರಲು ಹೇಳಿದನು. ಆ ಸಿಡುಕಿನ ಅಪ್ಪಣೆಯನ್ನು ಕ್ಷೇಮಸಮಾಚಾರದಂತೆ ಹೇಳುವಾಗ ಬಂಟರನ ಕಣ್ಣಲ್ಲಿ ನೀರಾಡಿತು.

ಈ ಸನ್ನಿವೇಶವು ಮೇಲ್ನೋಟಕ್ಕೆ ನಗೆಯದು. ಆದರೆ ಇದರಷ್ಟು ಸೂಕ್ಷ್ಮವಾಗಿ ಈ ವ್ಯಾಧಿಯ ಮರ್ಮವನ್ನು ತಿಳಿಸಿದ ಸಂದರ್ಭ ನಮಗೆ ಬೇರೆ ಕಂಡಿಲ್ಲ. ರಿವರ್ಸ್ ಅವರು ಶಾಸ್ತ್ರದಲ್ಲಿ ಹೇಳಿದುದನ್ನು ಸೇಯರ್ಸ್ ಅವರು ಒಂದು ಊಟದ ತಟ್ಟೆಯಲ್ಲಿ ತೋರಿಸಿರುವರು. ಅಪ್ಪಣೆಯ ಭಯದಿಂದ ಬಳಲಿದವನಿಗೆ, ಯಾರಿಗೂ ಕೇಡಾಗದ ಒಂದು ಅಪ್ಪಣೆಯನ್ನು ಕೊಡುವ ಧೈರ್ಯ ಬಂದುದೇ ಆರೋಗ್ಯದ ಮೊದಲ ಚಿಹ್ನೆ.

ಆದರೆ ಇಲ್ಲಿಯೇ ಸೇವೆಯ ವಿಪರ್ಯಾಸವೂ ಇದೆ. ಆಳಿನ ಆರೈಕೆಯು ಸಫಲವಾಗುವುದು ತನ್ನನ್ನು ಆಳುವ ಶಕ್ತಿಯನ್ನು ಒಡೆಯನಿಗೆ ಮರಳಿ ತಂದುಕೊಟ್ಟಾಗ. ಬಂಟರನು ಸುರಿಸಿದ ಕಣ್ಣೀರು ಸಂತೋಷದ್ದೆಂಬುದನ್ನು ನಾವು ಒಪ್ಪುವೆವು. ಆದರೆ ಅವನ ಇತರ ಕಣ್ಣೀರುಗಳ ಮಾತೇನು? ಅವನೂ ಆ ಕಂದಕಗಳಲ್ಲಿದ್ದವನು. ನೆಲದಡಿಯ ಕೊರೆತದ ಸದ್ದನ್ನು ಅವನೂ ಕೇಳಿದ್ದನು. ಕೇಳದಿದ್ದರೆ ಆ ಇರುಳು ಅಷ್ಟು ತಕ್ಕ ಉತ್ತರವನ್ನು ಕೊಡುವುದು ಅವನಿಗೆ ಸಾಧ್ಯವಾಗುತ್ತಿರಲಿಲ್ಲ. ಅವನು ಬೆಚ್ಚಿ ಎದ್ದ ಇರುಳುಗಳಲ್ಲಿ ಯಾರ ಕೋಣೆಗೆ ಹೋದನು? ಸೇಯರ್ಸ್ ಅವರು ಬಂಟರನಿಗೆ ಛಾಯಾಚಿತ್ರಕಲೆಯನ್ನು ಕೊಟ್ಟರು. ಅಚ್ಚುಕಟ್ಟಾದ ಮಾತನ್ನು ಕೊಟ್ಟರು. ಓದುಗರ ಮೆಚ್ಚುಗೆಯನ್ನೂ ದೊರಕಿಸಿದರು. ಒಂದು ದುಃಸ್ವಪ್ನವನ್ನು ಮಾತ್ರ ಕೊಡಲಿಲ್ಲ. ಆ ಕಥಾಲೋಕದಲ್ಲಿ ಮನಸ್ಸು ಒಡೆಯುವುದೂ ಒಡೆಯರ ಹಕ್ಕೇ ಆಗಿದೆ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಹಳೆಯ ನಿದರ್ಶನವೊಂದನ್ನು ತುಲನೆಗಾಗಿ ತರಬಹುದು. ಜೋಳವಾಳಿ, ವೇಳೆವಾಳಿಗಳೆಂಬ ಶಬ್ದಗಳು ಒಡೆಯನ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಧರ್ಮವನ್ನು ಹೇಳುತ್ತವೆ. ಪಂಪನ ಕರ್ಣನಲ್ಲಿ ಆ ಧರ್ಮದ ಕಾವ್ಯರೂಪವನ್ನು ಕಾಣುತ್ತೇವೆ. ಹಳೇಬೀಡಿನ ಗರುಡಗಂಬವು ಇಮ್ಮಡಿ ಬಲ್ಲಾಳನೊಡನೆ ಪ್ರಾಣಬಿಟ್ಟ ಕುವರ ಲಕ್ಷ್ಮನ ಸ್ಮಾರಕ. ಈ ಧರ್ಮವನ್ನು ಇಂದು ನಾವು ಶ್ಲಾಘಿಸಬೇಕೆಂದಿಲ್ಲ. ಅದು ಸೇವಕನಿಂದ ಕೇಳಿದ ಬೆಲೆಯು ಘೋರವಾದುದು. ಆದರೂ ಆ ಕಂಬದ ಮೇಲೆ ಸೇವಕನ ಹೆಸರೂ ಅವನ ಸಾವೂ ಕೆತ್ತಲ್ಪಟ್ಟಿವೆ. ಬಂಟರನ ನಿಷ್ಠೆಯೂ ಆ ಜಾತಿಯದೇ. ಆದರೆ ಅವನು ತೆತ್ತ ಬೆಲೆಯನ್ನು ಬರೆದಿಟ್ಟ ಕಲ್ಲು ಆ ಕಾದಂಬರಿಗಳಲ್ಲಿ ಎಲ್ಲಿಯೂ ಇಲ್ಲ.

೫

ಸೇವಕರಿರುವ ಮನೆಯು ರೋಗಿಗೆ ಎಷ್ಟು ದೊಡ್ಡ ಆಸರೆ ಎಂಬುದು ಅಂತಹ ಮನೆಯಿಲ್ಲದವನ ಕಥೆಯಿಂದ ಸ್ಪಷ್ಟವಾಗುವುದು. ವರ್ಜೀನಿಯ ವುಲ್ಫ್ ಅವರ ‘ಮಿಸೆಸ್ ಡಾಲೊವೇ’ ೧೯೨೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಸೆಪ್ಟಿಮಸ್ ಸ್ಮಿತ್ ಯುದ್ಧಕ್ಕೆ ಮೊದಲು ಗುಮಾಸ್ತನಾಗಿದ್ದವನು; ಸ್ವಯಂಸೇವಕನಾಗಿ ಸೈನ್ಯಕ್ಕೆ ಸೇರಿದವನು. ಸತ್ತ ತನ್ನ ಮೇಲಧಿಕಾರಿ ಇವಾನ್ಸನು ಅವನಿಗೆ ಎದುರಲ್ಲಿಯೇ ಕಾಣಿಸುತ್ತಾನೆ. ಅವನಿಗೆ ತೋಟವಿಲ್ಲ, ಕಾಡಿಲ್ಲ, ಬಂಟನಿಲ್ಲ. ಬಾಡಿಗೆಯ ಕೋಣೆಗಳೂ, ಟೋಪಿಗಳನ್ನು ಹೊಲಿಯಬಲ್ಲ ಇಟಲಿಯ ಹೆಂಡತಿ ರೇಷಿಯಳೂ ಅವನ ಸರ್ವಸ್ವ. ಅವನಿಗೆ ಬೇಡವಾದ ವೈದ್ಯನು ಮೆಟ್ಟಿಲು ಹತ್ತಿ ಬರುವಾಗ ರೇಷಿಯಳು ಅಡ್ಡಗಟ್ಟುವಳು. ವೈದ್ಯನು ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಬರುವನು. ಸೆಪ್ಟಿಮಸ್ ಕಿಟಕಿಯಿಂದ ಹಾರಿ ಸಾಯುವನು.

ದೊಡ್ಡ ಮನೆಯಲ್ಲಿ ಬೇಡವಾದವರಿಗೆ ಯಜಮಾನರು ಈಗ ಕಾಣಲಾರರೆಂದು ಹೇಳಿ ಕಳುಹಿಸುವುದು ಸೇವಕನ ನಿತ್ಯದ ಕೆಲಸ. ಆ ಸಾಮಾನ್ಯವಾದ ಮಾತು ಒಂದು ಪ್ರಾಣವನ್ನು ಉಳಿಸಬಲ್ಲದೆಂಬುದು ಸೆಪ್ಟಿಮಸನ ಮರಣದಿಂದ ತಿಳಿಯುವುದು. ಅದೇ ಸಂಜೆ ಶ್ರೀಮಂತಳಾದ ಡಾಲೊವೇಯ ಔತಣದಲ್ಲಿ ಅವನ ಸಾವು ಒಂದು ಸುದ್ದಿಯಾಗಿ ಬರುತ್ತದೆ. ಆ ಮನೆಯಲ್ಲಾದರೋ ಸೇವಕರು ಬೆಳಗಿನಿಂದ ದುಡಿಯುತ್ತಿರುವರು. ವುಲ್ಫ್ ಅವರು ಈ ಎರಡು ಮನೆಗಳನ್ನು ಒಂದೇ ದಿನದೊಳಗೆ ಇಟ್ಟರೇ ಹೊರತು ತಾರತಮ್ಯವನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಅದು ಕೇಳುತ್ತದೆ.

೬

ಇನ್ನು ತೀರ್ಮಾನ. ವ್ಯಾಧಿಯ ನಿದಾನದಲ್ಲಿ ಸೇಯರ್ಸ್ ಅವರೇ ಮೇಲೆಂದು ನಮ್ಮ ಅಭಿಪ್ರಾಯ. ಸೇವಕನಿಗೆ ಹೆಸರು, ಮಾತು, ಬುದ್ಧಿ ಮೂರನ್ನೂ ಕೊಟ್ಟು, ಆಜ್ಞೆಯ ಗಾಯವನ್ನು ಆಜ್ಞೆಯ ಮೂಲಕವೇ ಮಾಯಿಸಿದ ಕಲ್ಪನೆ ಅವರದು. ಆದರೆ ಅವರ ಕಥಾಲೋಕದಲ್ಲಿ ಪೀಟರನು ವಾಸಿಯಾಗುವುದು ನಿರಪಾಯವಾದ ಶುಭ; ಯುದ್ಧ ಮುಗಿದುಹೋಗಿದೆ, ಮನೆಯ ವ್ಯವಸ್ಥೆಯು ಮೊದಲಿನಂತೆಯೇ ನಿಲ್ಲುತ್ತದೆ. ವೆಸ್ಟ್ ಅವರಲ್ಲಿ ಹಾಗಲ್ಲ. ಅವರು ಮನೆಯ ಸೇವಕರನ್ನು ನೋಡಲಿಲ್ಲವೆಂಬುದು ನಿಜ. ಆದರೆ ಸೇವೆ ಎಂಬುದು ಯಾವ ಯಂತ್ರದ ಒಂದು ಭಾಗವೆಂಬುದನ್ನು ನೋಡಿದರು. ಪ್ರೀತಿಯಿಂದ ಮಾಡಿದ ಆರೈಕೆಯೂ ಕೊನೆಗೆ ಯುದ್ಧದ ಕೈಗೇ ಮನುಷ್ಯನನ್ನು ಮರಳಿ ಒಪ್ಪಿಸಬಹುದು ಎಂಬ ಕಠಿನ ಸತ್ಯವನ್ನು ಅವರು ಮುಚ್ಚಲಿಲ್ಲ. ಆದುದರಿಂದ ಕೃತಿಯ ಸಮಗ್ರ ಗೌರವದಲ್ಲಿ ‘ಯೋಧನ ಪುನರಾಗಮನ’ಕ್ಕೆ ಮೊದಲ ಸ್ಥಾನವನ್ನು ಕೊಡುವೆವು.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಕವಿಯು ಬರೆದುದನ್ನು ವಿಮರ್ಶಿಸಬೇಕಲ್ಲದೆ ಬರೆಯದುದನ್ನು ಕೇಳುವುದು ನ್ಯಾಯವೆ? ಸಾಮಾನ್ಯವಾಗಿ ನ್ಯಾಯವಲ್ಲ. ಆದರೆ ಕೃತಿಯು ತಾನೇ ಎತ್ತಿದ ಪ್ರಶ್ನೆಯನ್ನು ಅರ್ಧದಲ್ಲಿ ಬಿಟ್ಟಾಗ ಉಳಿದರ್ಧವನ್ನು ಕೇಳುವ ಹಕ್ಕು ಓದುಗನಿಗೆ ಉಂಟು. ಒರಟು ಕೈಗಳಲ್ಲಿಯೂ ಘನತೆಯುಂಟೆಂದು ವೆಸ್ಟ್ ಅವರೇ ನಮಗೆ ಕಲಿಸಿದರು. ಬಂಟರನಿಗೆ ಹೃದಯವುಂಟೆಂದು ಸೇಯರ್ಸ್ ಅವರೇ ತೋರಿಸಿದರು. ಅವರಿಂದ ಕಲಿತ ಪಾಠವನ್ನೇ ಅವರ ಕೃತಿಗಳಿಗೆ ನಾವು ಅನ್ವಯಿಸಿದ್ದೇವೆ.

ಆ ಮಹಾಯುದ್ಧದಲ್ಲಿ ನಮ್ಮ ದೇಶದಿಂದಲೂ ಬಹುಸಂಖ್ಯೆಯಲ್ಲಿ ಜನರು ಹೋದರು. ಮೈಸೂರಿನ ಲ್ಯಾನ್ಸರ್ ದಳವು ೧೯೧೮ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಗೆಲ್ಲುವುದರಲ್ಲಿ ಭಾಗವಹಿಸಿತು. ಕುದುರೆಯೇರಿ ಹೋದವರೊಡನೆ ಕುದುರೆಯ ಲಾಯವನ್ನು ನೋಡಿಕೊಂಡವರೂ, ಅಡುಗೆ ಮಾಡಿದವರೂ, ಅಧಿಕಾರಿಯ ಡೇರೆಯನ್ನು ಕಾಯ್ದವರೂ ಅಂತಹ ಸೈನ್ಯಗಳಲ್ಲಿ ಇದ್ದೇ ಇರುತ್ತಾರೆ. ಊರಿಗೆ ಮರಳಿದ ಅಂತಹವರು ಇರುಳಿನಲ್ಲಿ ಬೆಚ್ಚಿ ಎದ್ದಾಗ ಅದಕ್ಕೆ ಮನೆಯವರು ಯಾವ ಹೆಸರಿಟ್ಟರು, ಯಾರು ಪಕ್ಕದಲ್ಲಿ ಕುಳಿತರು ಎಂಬುದು ಕನ್ನಡದ ಕಾದಂಬರಿಕಾರರು ಕೈಗೆತ್ತಿಕೊಳ್ಳಬಹುದಾದ ವಸ್ತು. ಅದನ್ನು ಬರೆಯುವವರಿಗೆ ಮೇಲೆ ವಿಚಾರಿಸಿದ ಕೃತಿಗಳ ಗುಣಗಳೂ ಅವುಗಳ ಕೊರತೆಗಳೂ ಸಮವಾಗಿ ಉಪಕಾರಕವಾಗುವುವೆಂದು ನಂಬುತ್ತೇವೆ.